ಪೋರ್ಷೆ ಬಾನೆಟ್ಟು, ಪೀಣ್ಯದ ಅಪ್ಪ

"ಬ್ಯಾಟರಿ ಬಗ್ಗೆ ಬರೀತೀನಿ" ಅಂದಿದ್ದಕ್ಕೆ ನನ್ನ ಹೆಂಡತಿ ನಕ್ಕಳು. "ಯಾರು ಓದ್ತಾರ್ರೀ ಅದನ್ನ? ಊರು, ಮಳೆ, ಹಲಸಿನಹಣ್ಣು ಅಂತ ಬರೀರಿ, ನಾಲ್ಕು ಜನ ಕಾಮೆಂಟ್ ಆದ್ರೂ ಹಾಕ್ತಾರೆ" ಅಂತ. ಅದನ್ನೆಲ್ಲ ಬರೆಯೋಕೆ ನೀವೆಲ್ಲ ಇದೀರಲ್ಲ :-) ನನಗೆ ಊರು ಅಂದ್ರೆ ಪೀಣ್ಯ ಎರಡನೇ ಹಂತ. ಅಲ್ಲಿ ಮಳೆ ಬಂದ್ರೆ ಮಣ್ಣಿನ ವಾಸನೆಗಿಂತ ಮೊದಲು ಮೂಗಿಗೆ ಬಡೀತಾ ಇದ್ದದ್ದು ಪಕ್ಕದ ಲೇತ್ ಮಷಿನ್ನಿನ ಆಯಿಲ್ ವಾಸನೆ. ಅದರ ಜೊತೆಗೆ ನಮ್ಮಪ್ಪನ ಅಂಗಡಿಯ ಆಸಿಡ್ ಘಾಟು.

ಅಪ್ಪನದು ಬ್ಯಾಟರಿ ಚಾರ್ಜಿಂಗ್ ಮತ್ತು ರಿಪೇರಿ ಅಂಗಡಿ. ಒಂದೇ ಷಟರ್. ಒಳಗೆ ಮರದ ಹಲಗೆ ಮೇಲೆ ಸಾಲಾಗಿ ಲಾರಿ ಬ್ಯಾಟರಿ, ಟ್ರ್ಯಾಕ್ಟರ್ ಬ್ಯಾಟರಿ, ಎಲ್ಲಕ್ಕೂ ಒಂದಕ್ಕೊಂದು ವೈರು. ಅಪ್ಪನ ಖಾಕಿ ಅಂಗಿ ಯಾವಾಗಲೂ ತೂತು. ನಿಮಗೆ ಗೊತ್ತಿರಲಿಕ್ಕಿಲ್ಲ, ಕಾಟನ್ ಬಟ್ಟೆ ಮೇಲೆ ಆಸಿಡ್ ಹನಿ ಬಿದ್ದರೆ ಆಗ ಏನೂ ಕಾಣಲ್ಲ. ಅಮ್ಮ ಒಗೆದು ಹಿಂಡಿದ ಮೇಲೆ ತೂತು ಕಾಣಿಸೋದು. ಸ್ಕೂಲಲ್ಲಿ ಪೇರೆಂಟ್ಸ್ ಮೀಟಿಂಗಿಗೆ ಅಪ್ಪ ಬರೋದು ಬೇಡ ಅಂತ ನಾನು ಎರಡು ಸಲ ಸುಳ್ಳು ಹೇಳಿದ್ದೇನೆ. ಈಗ ಬರೆಯೋಕೆ ನಾಚಿಕೆ ಆಗುತ್ತೆ.

ಇರಲಿ, ವಿಷಯಕ್ಕೆ ಬರ್ತೀನಿ.

ನಮ್ಮ ಆಫೀಸಿನ ಒಬ್ಬ ಗೆಳೆಯ, ಹುಬ್ಬಳ್ಳಿಯವನು. ವೈಟ್‌ಫೀಲ್ಡ್ ಕಡೆ ಒಂದು ವಿಲ್ಲಾದಲ್ಲಿ ಮನೆ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡಲ್ಲಿ ಪೋರ್ಷೆ ಬಾಕ್ಸ್‌ಟರ್ ತಗೊಂಡ, 2009ರ ಮಾಡೆಲ್. ಎರಡೇ ಸೀಟು, ತೆಗೆಯೋ ಟಾಪು, ಎಂಜಿನ್ ಸೀಟಿನ ಹಿಂದೆ. ಹಾಗಾಗಿ ಮುಂದೆ ಒಂದು ಡಿಕ್ಕಿ, ಹಿಂದೆ ಒಂದು ಡಿಕ್ಕಿ! ಅದನ್ನ ಓಡಿಸೋದು ಭಾನುವಾರ ಬೆಳಿಗ್ಗೆ ಮಾತ್ರ. ಉಳಿದ ದಿನ ವರ್ತೂರು ರಸ್ತೆಯ ಹಂಪುಗಳ ಮೇಲೆ ಆ ಕಾರು ಹೊಟ್ಟೆ ಉಜ್ಜಿಕೊಂಡು ಹೋಗೋದನ್ನ ನೋಡಿದ್ರೆ ಪಾಪ ಅನ್ಸುತ್ತೆ.

ಅವನು ನಲವತ್ತು ದಿನ ಅಮೆರಿಕಕ್ಕೆ ಹೋಗಿ ಬಂದ. ಬಂದು ಕೀ ಒತ್ತಿದ್ರೆ ಕಾರು ಕಮಕ್ ಕಿಮಕ್ ಅನ್ನಲಿಲ್ಲ. ಬ್ಯಾಟರಿ ಇರೋದು ಮುಂದಿನ ಬಾನೆಟ್ಟಿನೊಳಗೆ, ಗಾಜಿನ ಬುಡದಲ್ಲಿ, ಒಂದು ಪ್ಲಾಸ್ಟಿಕ್ ಮುಚ್ಚಳದ ಕೆಳಗೆ. ಆದರೆ ಆ ಬಾನೆಟ್ ತೆರೆಯೋದು ಕರೆಂಟಿನಿಂದ! ಅಂದ್ರೆ ಬ್ಯಾಟರಿ ಸತ್ತರೆ ಬಾನೆಟ್ ತೆರೆಯಲ್ಲ, ಬಾನೆಟ್ ತೆರೆಯದೆ ಬ್ಯಾಟರಿ ಸಿಗಲ್ಲ. ನಾನು ಫೋನಲ್ಲಿ ಅಪ್ಪನಿಗೆ ಇದನ್ನ ಹೇಳಿದೆ. ಅಪ್ಪ ಅರ್ಧ ನಿಮಿಷ ಸುಮ್ಮನಿದ್ದು, "ಬೀಗದ ಕೈನ ಪೆಟ್ಟಿಗೆ ಒಳಗೇ ಇಟ್ಟು ಬೀಗ ಹಾಕ್ದಂಗಾಯ್ತಲ್ಲೋ. ಲಕ್ಷಾಂತರ ರೂಪಾಯಿ ಕಾರು ಅಂತೀಯ?" ಅಂದು ಜೋರಾಗಿ ನಕ್ಕರು. ಆಮೇಲೆ ಅವರೇ, "ಶನಿವಾರ ಬರ್ತೀನಿ ಬಿಡು" ಅಂದ್ರು. ನಾನು ಕರೆದಿರಲೇ ಇಲ್ಲ.

ಅಪ್ಪನಿಗೆ ಈಗ ಎಪ್ಪತ್ತಮೂರು. ಪೀಣ್ಯ ಇಂಡಸ್ಟ್ರಿ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಲ್ಲಿ ನೇರಳೆ ಲೈನಿಗೆ ಬದಲಾಯಿಸಿ ಹೋಪ್‌ಫಾರ್ಮ್ ಹತ್ತಿರ ಇಳಿದರು. ಕೈಯಲ್ಲಿ ಒಂದು ಬಟ್ಟೆ ಚೀಲ. ಚೀಲದೊಳಗೆ ನ್ಯೂಸ್ ಪೇಪರ್ ಸುತ್ತಿದ ಹೈಡ್ರೋಮೀಟರ್, ಒಂದು ಮಲ್ಟಿಮೀಟರ್, ರಬ್ಬರ್ ಗ್ಲೌಸು, ಒಂದು ಪೊಟ್ಟಣ ಅಡುಗೆ ಸೋಡಾ. ಮೆಟ್ರೋ ಸೆಕ್ಯುರಿಟಿಯ ಹೆಣ್ಣುಮಗಳು ಹೈಡ್ರೋಮೀಟರ್ ನೋಡಿ "ಇದೇನ್ ತಾತ, ಎಮ್ಮೆಗೆ ಜ್ವರ ನೋಡೋದಾ?" ಅಂದಳಂತೆ. ಅಪ್ಪನಿಗೆ ಅದು ಬಹಳ ಖುಷಿ ಕೊಟ್ಟಿತ್ತು, ಮೂರು ಸಲ ಹೇಳಿದರು.

ಬಾನೆಟ್ ತೆರೆಯೋ ಉಪಾಯ ಕಾರಿನ ಪುಸ್ತಕದಲ್ಲೇ ಇತ್ತು. ಕಾಲಿಡೋ ಜಾಗದ ಪಕ್ಕ ಫ್ಯೂಸ್ ಬಾಕ್ಸಲ್ಲಿ ಒಂದು ಕೆಂಪು ಕಡ್ಡಿ ಇದೆ, ಅದನ್ನ ಹೊರಗೆ ಎಳೆದು ಬೇರೆ ಬ್ಯಾಟರಿಯ ಪ್ಲಸ್ ಕೊಡಬೇಕು, ಮೈನಸ್ಸನ್ನ ಬಾಗಿಲಿನ ಕಬ್ಬಿಣಕ್ಕೆ ಕೊಡಬೇಕು. ನನ್ನ ಹಳೇ ಆಲ್ಟೊ ಪಕ್ಕಕ್ಕೆ ತಂದು ನಿಲ್ಲಿಸಿದೆ. ಕೇಬಲ್ ತಾಗಿಸಿದ ಕೂಡಲೇ ಪೋರ್ಷೆಯ ಅಲಾರಾಂ ಊಳಿಡೋಕೆ ಶುರುವಾಗಿ, ಲೇಔಟಿನ ಸೆಕ್ಯುರಿಟಿಯವರು ಲಾಠಿ ಹಿಡ್ಕೊಂಡು ಓಡಿ ಬಂದರು. ಕೀಯಲ್ಲಿ ಗುಂಡಿ ಒತ್ತಿದ್ದೇ ಠಕ್ ಅಂತ ಬಾನೆಟ್ ಬಿಟ್ಕೊಳ್ತು. ನನ್ನ ಆಲ್ಟೊ ಬಗ್ಗೆ ಆವತ್ತಿನಿಂದ ನನಗೆ ಸ್ವಲ್ಪ ಗೌರವ ಜಾಸ್ತಿ.

ಪ್ಲಾಸ್ಟಿಕ್ ಮುಚ್ಚಳ ತೆಗೆದ ಮೇಲೆ ಅಪ್ಪ ನಗಲಿಲ್ಲ.

ಬ್ಯಾಟರಿಯ ತಲೆ ಮೇಲೆಲ್ಲ ಬಿಳಿ ಹಿಟ್ಟು, ಟರ್ಮಿನಲ್ ಸುತ್ತ ಮೈಲುತುತ್ತದ ಬಣ್ಣದ ಪುಡಿ. ಕೆಳಗಿನ ತಟ್ಟೆಯ ಪೇಂಟು ಉಬ್ಬಿ, ಅಂಚಲ್ಲಿ ತುಕ್ಕು ಶುರುವಾಗಿತ್ತು. ಪಕ್ಕದಲ್ಲಿ ಬೆರಳು ಗಾತ್ರವೂ ಇಲ್ಲದ ಒಂದು ರಬ್ಬರ್ ಕೊಳವೆ ಯಾವುದಕ್ಕೂ ಸಿಕ್ಕಿಸದೆ ಸುಮ್ಮನೆ ನೇತಾಡ್ತಾ ಇತ್ತು. ಅಪ್ಪ ಅದನ್ನ ಎರಡು ಬೆರಳಲ್ಲಿ ಹಿಡಿದು ಗೆಳೆಯನಿಗೆ ತೋರಿಸಿದರು. "ಏನಪ್ಪಾ, ಇದು ಏನಕ್ಕೆ ಅಂತ ಯಾರಾದ್ರೂ ಹೇಳಿದ್ರಾ ನಿಂಗೆ?"

"ಇಲ್ರೀ ಕಾಕಾ. ಹೋದ ವರ್ಷ ಒಂದು ಗ್ಯಾರೇಜನ್ಯಾಗ ಹೊಸ ಬ್ಯಾಟರಿ ಹಾಕ್ಸಿದ್ದೆ. ಅರ್ಧ ರೇಟಿನ್ಯಾಗ ಮಾಡಿಕೊಟ್ರು."

ಆ ಕೊಳವೆ ಬ್ಯಾಟರಿಯ ಉಸಿರು ಹೊರಗೆ ಬಿಡೋದಕ್ಕೆ. ಚಾರ್ಜ್ ಆಗುವಾಗ ಬ್ಯಾಟರಿಯ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಬರುತ್ತೆ, ಜೊತೆಗೆ ಸಣ್ಣ ಆಸಿಡ್ ತುಂತುರು. ನಮ್ಮ ಸಾಧಾರಣ ಕಾರಲ್ಲಿ ಬ್ಯಾಟರಿ ಎಂಜಿನ್ ಪಕ್ಕ ಬಯಲಲ್ಲಿ ಇರುತ್ತೆ, ಗಾಳಿ ಹೊಡ್ಕೊಂಡು ಹೋಗುತ್ತೆ. ಸ್ಪೋರ್ಟ್ಸ್ ಕಾರುಗಳಲ್ಲಿ ತೂಕ ಹಂಚೋದಕ್ಕೆ ಅಂತ ಅದನ್ನ ಡಿಕ್ಕಿಯಲ್ಲೋ, ಮುಚ್ಚಿದ ಗೂಡಿನಲ್ಲೋ ಇಡ್ತಾರೆ. ಅಲ್ಲಿ ಕೊಳವೆ ಇಲ್ಲದಿದ್ದರೆ ಆ ಗಾಳಿ ಅಲ್ಲೇ ಕೂತು ಕಬ್ಬಿಣ ತಿನ್ನುತ್ತೆ. ಒಂದು ಕಿಡಿ ಬಿದ್ದರೆ ಸಿಡಿಯುತ್ತೆ ಕೂಡ. ಅಪ್ಪನ ಎಡ ಹುಬ್ಬು ಅರ್ಧ ಇಲ್ಲ. ಯಾಕೆ ಅಂತ ಗೆಳೆಯ ಕೇಳಲಿಲ್ಲ, ಅಪ್ಪನೇ ಹುಬ್ಬು ಮುಟ್ಟಿ ತೋರಿಸಿದರು.

ಗ್ಯಾರೇಜಿನವರು ಹಾಕಿದ್ದ ಬ್ಯಾಟರಿಗೆ ಕೊಳವೆ ಸಿಕ್ಕಿಸೋ ತೂತೇ ಇರಲಿಲ್ಲ. ಅಳತೆಯೂ ಬೇರೆ. ತಟ್ಟೆಯ ಬುಡದ ಕ್ಲ್ಯಾಂಪು ಅದನ್ನ ಹಿಡೀತಾ ಇರಲಿಲ್ಲ, ಮಧ್ಯೆ ರಟ್ಟು ಮಡಚಿ ತುರುಕಿದ್ದರು. ಹಂಪ್ ಹಂಪಿಗೂ ಅದು ಕುಣೀತಾ ಇತ್ತು. ಅಪ್ಪ ಮುಚ್ಚಳ ಬಿಚ್ಚಿ ನೋಡಿದರೆ ಆರೂ ಸೆಲ್ಲಿನಲ್ಲಿ ನೀರು ಕಂಠಮಟ್ಟ. ಯಾರೋ ಪುಣ್ಯಾತ್ಮರು "ಫುಲ್" ಮಾಡಿದ್ದರು. ಖಾಲಿ ಬ್ಯಾಟರಿಗೆ ಕಂಠಮಟ್ಟ ನೀರು ತುಂಬಬಾರದು, ಪ್ಲೇಟು ಮುಳುಗೋಷ್ಟು ಹಾಕಿ, ಚಾರ್ಜ್ ಆದ ಮೇಲೆ ಗುರುತಿನವರೆಗೆ ತುಂಬಬೇಕು. ಯಾಕಂದ್ರೆ ಚಾರ್ಜ್ ಆಗ್ತಾ ಆಗ್ತಾ ಮಟ್ಟ ಏರುತ್ತೆ. ಮೊದಲೇ ತುಂಬಿದ್ರೆ ಉಕ್ಕುತ್ತೆ. ಅದರ ಮೇಲೆ ಇವನು ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ತಿರುವುಗಳಲ್ಲಿ ಕಾರು ತಿರುಗಿಸಿದ್ದಾನೆ, ಕೊಡ ಹೊತ್ತವಳು ಓಡಿದ ಹಾಗೆ! ಹಾಕೋದು ಡಿಸ್ಟಿಲ್ಡ್ ವಾಟರ್ ಮಾತ್ರ, ನಲ್ಲಿ ನೀರೂ ಅಲ್ಲ, ಆಸಿಡ್ಡೂ ಅಲ್ಲ. "ಬ್ಯಾಟರಿಲಿ ಕಡಿಮೆ ಆಗೋದು ನೀರು ಕಣಪ್ಪ. ಆಸಿಡ್ ಕಡಿಮೆ ಆಯ್ತು ಅಂದ್ರೆ ಅದು ಎಲ್ಲೋ ಚೆಲ್ಲಿದೆ ಅಂತ ಅರ್ಥ."

ವೋಲ್ಟೇಜು 4ಕ್ಕೆ ಇಳಿದಿತ್ತು. ಪೂರ್ತಿ ಚಾರ್ಜ್ ಆಗಿ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟ ಬ್ಯಾಟರಿ 12.6 ತೋರಿಸಬೇಕು, 12ಕ್ಕಿಂತ ಕೆಳಗೆ ಹೋದ್ರೆ ಹೆಚ್ಚುಕಡಿಮೆ ಖಾಲಿ. ಹೈಡ್ರೋಮೀಟರ್ 1100 ಕೂಡ ದಾಟಲಿಲ್ಲ. ನಮ್ಮ ಕಡೆ ಒಳ್ಳೆ ಬ್ಯಾಟರಿಗೆ 1250ರ ಆಸುಪಾಸು ಬರುತ್ತೆ.

ನಲವತ್ತೇ ದಿನಕ್ಕೆ ಹೇಗೆ ಸತ್ತಿತು ಅಂತ ಗೆಳೆಯನಿಗೆ ಆಶ್ಚರ್ಯ. ಇಲ್ಲಿ ನನ್ನ ಎಂಜಿನಿಯರಿಂಗು ಸ್ವಲ್ಪ ಉಪಯೋಗಕ್ಕೆ ಬಂತು. ಕಾರು ಲಾಕ್ ಮಾಡಿ ಮಲಗಿಸಿದ್ರೂ ಅಲಾರಾಂ, ಕೀ ಕೇಳೋ ರಿಸೀವರು ಎಲ್ಲ ಎಚ್ಚರವಾಗಿರುತ್ತೆ. 50 ಮಿಲಿ ಆಂಪ್ ಅಂತ ಇಟ್ಕೊಳ್ಳಿ, ದಿನಕ್ಕೆ 1.2 ಆಂಪ್ ಅವರ್, ನಲವತ್ತು ದಿನಕ್ಕೆ 48. ಬ್ಯಾಟರಿ ಇದ್ದದ್ದೇ 60ರದು. ವಾರಕ್ಕೊಂದು ಸಲ ಓಡಿಸೋ ಕಾರಿಗೆ ಮನೆಯಲ್ಲಿ ಸಣ್ಣ ಮೇಂಟೇನರ್ ಚಾರ್ಜರ್ ಸಿಕ್ಕಿಸಿಡೋದೇ ಸರಿ. ಅಪ್ಪ ಈ ಲೆಕ್ಕ ಕೇಳಿ, "ನಾನು ಇದನ್ನ ಬಾಯಲ್ಲಿ ಹೇಳ್ತಿದ್ದೆ, ತಿಂಗಳಾದ್ರೆ ಒಂದ್ಸಲ ತಗಂಬಾ ಅಂತ" ಅಂದರು.

ಬಿಚ್ಚೋವಾಗ ಮೊದಲು ಮೈನಸ್, ಹಾಕೋವಾಗ ಮೈನಸ್ ಕೊನೆಗೆ. ಅಪ್ಪ ಸೋಡಾ ನೀರಲ್ಲಿ ಕಲಸಿ ತಟ್ಟೆ ಮೇಲೆ ಹೊಯ್ದರು. ಬುರುಬುರು ನೊರೆ ಬಂತು. ನೊರೆ ನಿಲ್ಲೋವರೆಗೆ ಹೊಯ್ಯೋದು, ಆಮೇಲೆ ನೀರಲ್ಲಿ ತೊಳೆಯೋದು, ಒಣಗಿದ ಮೇಲೆ ಪೇಂಟು. ಹೀಗೆ ಮೂರು ಸಲ ಆಯ್ತು. ಗೆಳೆಯನ ಆರು ವರ್ಷದ ಮಗಳು "ಅಜ್ಜಾ, ಸೋಡಾ ಕುಡೀತದೇನ್ರಿ ಕಾರು?" ಅಂತ ಹತ್ತಿರ ಬಂದಾಗ ಮಾತ್ರ ಅಪ್ಪ ಸಿಟ್ಟಾದರು. ನಾನು ಕೇಳಿರದಂಥ ಗಟ್ಟಿ ದನಿ. ಮಗು ಹೆದರಿ ಒಳಗೆ ಓಡಿತು.

ಹೊಸ ಬ್ಯಾಟರಿ ಯಾವುದು ಅನ್ನೋ ಪ್ರಶ್ನೆ ಬಂತು. ಗೆಳೆಯ ಎರಡು ರೇಟು ತರಿಸಿದ್ದ. ಒಂದು ಮಾಮೂಲಿ ನೀರಿನದು, ಇನ್ನೊಂದು ಎಜಿಎಂ, ಬೆಲೆ ಡಬಲ್‌ಗಿಂತ ಜಾಸ್ತಿ. ಎಜಿಎಂನಲ್ಲಿ ಆಸಿಡ್ಡನ್ನ ಗಾಜಿನ ನಾರಿನ ಚಾಪೆ ಹೀರಿಕೊಂಡಿರುತ್ತೆ, ಓರೆಯಾದ್ರೂ ಚೆಲ್ಲಲ್ಲ. ಜೀವಮಾನವಿಡೀ ನೀರಿನ ಬ್ಯಾಟರಿಯಿಂದಲೇ ಅನ್ನ ತಿಂದ ಅಪ್ಪ, ಒಂದು ಕ್ಷಣವೂ ಯೋಚಿಸದೆ "ಚಾಪೆದು ತಗೋ" ಅಂದರು. ಎಂಜಿನ್ ಬಿಸಿ ಪಕ್ಕ ಇಡೋದಾದ್ರೆ ಅದಕ್ಕೆ ಆಯಸ್ಸು ಕಡಿಮೆ, ಈ ಕಾರಲ್ಲಿ ತಂಪಾದ ಗೂಡು, ಹಾಗಾಗಿ ಸರಿ ಅಂತ. ಆದರೆ ಅದಕ್ಕೂ ಕೊಳವೆ ಬೇಕು. ಆಲ್ಟರ್ನೇಟರ್ ಕೆಟ್ಟು 15 ವೋಲ್ಟ್ ದಾಟಿ ಕೊಟ್ಟರೆ ಅದೂ ವಾಲ್ವ್ ಬಿಚ್ಚಿ ಗಾಳಿ ಬಿಡುತ್ತೆ. ಕೊಳೆತ ಮೊಟ್ಟೆ ವಾಸನೆ ಬಂದ್ರೆ ಗಾಡಿ ನಿಲ್ಲಿಸಿ ಇಳೀಬೇಕು, ಅಷ್ಟೇ. (ಇದೊಂದು ನೆನಪಿಟ್ಕೊಳ್ಳಿ, ಯಾವ ಕಾರಾದ್ರೂ ಸರಿ.)

ಅಪ್ಪ ಫೋನಲ್ಲಿ ಅಂಗಡಿಯವನಿಗೆ ಕೇಳಿದ್ದು ಇಷ್ಟು: ಉದ್ದ ಅಗಲ ಎತ್ತರ ಎಷ್ಟು, ಪ್ಲಸ್ಸು ಎಡಕ್ಕೋ ಬಲಕ್ಕೋ, ಬುಡದಲ್ಲಿ ಕ್ಲ್ಯಾಂಪಿಗೆ ಅಂಚು ಇದೆಯೋ, ಗಾಳಿ ತೂತು ಯಾವ ಕಡೆ, ತಯಾರಾದ ತಿಂಗಳು ಯಾವುದು. ಅವನು "ಸಾರ್, ಸಿಸಿಎ ತುಂಬಾ ಜಾಸ್ತಿ ಇದೆ, ಮೈನಸ್ 18 ಡಿಗ್ರೀಲೂ ಸ್ಟಾರ್ಟ್ ಆಗುತ್ತೆ" ಅಂತ ಶುರು ಮಾಡಿದ. "ವೈಟ್‌ಫೀಲ್ಡಲ್ಲಿ ಹಿಮ ಬಿದ್ದಾಗ ನೋಡಣ. ತಿಂಗಳು ಹೇಳಪ್ಪ" ಅಂದರು ಅಪ್ಪ. ಶೆಲ್ಫಿನಲ್ಲಿ ವರ್ಷ ಕೂತ ಬ್ಯಾಟರಿ, ಚಾರ್ಜ್ ಮಾಡದೇ ಇಟ್ಟಿದ್ದರೆ, ಹೊಸದಾಗಿದ್ರೂ ಹಳೇದೇ.

ಸಂಜೆ ಹೊತ್ತಿಗೆ ಬ್ಯಾಟರಿ ಬಂತು. ಅಪ್ಪ ಸ್ಪಾನರ್ ನನ್ನ ಕೈಗೆ ಕೊಟ್ಟು "ನೀನೇ ಹಾಕು" ಅಂದರು. ನಿಮಗೆ ಇದು ದೊಡ್ಡ ವಿಷಯ ಅಲ್ಲ. ನಾನು ಅಂಗಡಿಯಲ್ಲಿ ಒಂದು ನಟ್ಟು ಮುಟ್ಟಿದರೂ "ಓದೋಗು" ಅಂತ ಗದರಿಸಿ ಓಡಿಸುತ್ತಿದ್ದ ಮನುಷ್ಯ ಅದು. ಕೊಳವೆ ಸಿಕ್ಕಿಸೋವಾಗ ನನ್ನ ಕೈ ಸ್ವಲ್ಪ ನಡುಗಿತು. ಎಂಜಿನ್ ಆನ್ ಮಾಡಿ ಮೀಟರ್ ಇಟ್ಟರೆ 14.2. ಅಪ್ಪ ಕೂಲಿ ಐನೂರು ಕೇಳಿ ಇಸ್ಕೊಂಡರು, ಗೆಳೆಯ ಎರಡು ಸಾವಿರ ಕೊಡೋಕೆ ಹೋದ್ರೆ ವಾಪಸ್ ಕೊಟ್ಟರು.

ಹಳೇ ಬ್ಯಾಟರಿ ಉಳಿಯಿತು. ಗೇಟಿನ ಹತ್ತಿರ ಗುಜರಿಯವನು ಆಗಲೇ ಬಂದು ನಿಂತಿದ್ದ, ಅಂಗಡಿಯವರು ಬಿಲ್ಲಲ್ಲಿ ಕಳೆಯೋದಕ್ಕಿಂತ ಮುನ್ನೂರು ಜಾಸ್ತಿ ಕೊಡ್ತೀನಿ ಅಂದ. ಗೆಳೆಯ ಹೂಂ ಅನ್ನೋದ್ರಲ್ಲಿದ್ದ. ಅಪ್ಪ ಖಡಾಖಂಡಿತ ಬೇಡ ಅಂದು, ಅಂಗಡಿ ಹುಡುಗನ ಆಟೋಗೇ ಅದನ್ನ ನೆಟ್ಟಗೆ ನಿಲ್ಲಿಸಿ ಹತ್ತಿಸಿ, ರಸೀದಿ ಬರೆಸಿಕೊಂಡರು. ಡೀಲರು ಹಳೇದನ್ನ ವಾಪಸ್ ತಗೊಂಡು ನೋಂದಾಯಿತ ರೀಸೈಕ್ಲರಿಗೆ ಕಳಿಸಬೇಕು ಅಂತ 2001ರಿಂದಲೇ ಕಾನೂನಿತ್ತು, 2022ರಲ್ಲಿ ಅದರ ಬದಲು ಹೊಸ ನಿಯಮ ಬಂದು ತಯಾರಕರ ಮೇಲೆ ಹೊಣೆ ಬಿತ್ತು. ಆದರೆ ಅಪ್ಪ ಕಾನೂನು ಮಾತಾಡಲಿಲ್ಲ.

ಅವರನ್ನ ಮೆಟ್ರೋಗೆ ಬಿಡೋಕೆ ಹೋಗುವಾಗ, ಆಲ್ಟೊದಲ್ಲಿ ಕೂತು ಹೇಳಿದರು. ಆಗಿನ ಬ್ಯಾಟರಿ ರಬ್ಬರ್ ಡಬ್ಬಿಯದು, ಮೇಲೆ ಡಾಂಬರಿನ ಸೀಲು. ಅದನ್ನ ಬಿಸಿ ಮಾಡಿ ಬಿಚ್ಚಿ, ಕೆಟ್ಟ ಸೆಲ್ ಒಂದನ್ನೇ ಬದಲಾಯಿಸಬಹುದಿತ್ತು. ಹಳೇ ಪ್ಲೇಟಿನ ಸೀಸವನ್ನ ಅಪ್ಪ ಮನೆ ಹಿಂದಿನ ಶೆಡ್ಡಿನಲ್ಲಿ ಬಾಣಲೆಯಲ್ಲಿ ಕರಗಿಸುತ್ತಿದ್ದರು. ನಾನು, ತಂಗಿ ಅಲ್ಲೇ ಆಡ್ತಾ ಇದ್ವಿ. ತಣ್ಣಗಾದ ಸೀಸದ ಗುಂಡುಗಳು ನಮಗೆ ಗೋಲಿ. 1999ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ಸೀಸದ ವಿಷದ ಬಗ್ಗೆ ದೊಡ್ಡ ಸಮ್ಮೇಳನ ನಡೀತು, ಅದರ ಮರುವರ್ಷವೇ ದೇಶದಲ್ಲೆಲ್ಲ ಸೀಸ ಬೆರೆಸದ ಪೆಟ್ರೋಲ್ ಬಂತು. ಯಾರೋ ಗಿರಾಕಿ ಪೇಪರ್ ಓದಿ ಹೇಳಿದರಂತೆ, ಸೀಸದ ಹೊಗೆ ಮಕ್ಕಳ ಮೆದುಳಿಗೆ ಹೋಗುತ್ತೆ ಅಂತ. ಅವತ್ತೇ ರಾತ್ರಿ ಬಾಣಲೆ ಎತ್ತಿ ಎಸೆದರಂತೆ.

"ನಿಮ್ಮಿಬ್ರದ್ದೂ ರಕ್ತ ಪರೀಕ್ಷೆ ಮಾಡಿಸ್ಬೌದಿತ್ತು. ನಾನು ಮಾಡಿಸ್ಲಿಲ್ಲ ಕಣೋ. ಹೆದರ್ಕೊಂಡೆ."

ತಂಗಿ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾದಾಗ, ನಾನು ಸೊನ್ನೆ ತಗೊಂಡ್ರೂ ಬೆಲ್ಟು ಬಿಚ್ಚುತ್ತಿದ್ದ ಅಪ್ಪ ಒಂದು ಮಾತೂ ಆಡಿರಲಿಲ್ಲ. ಹೆಣ್ಣುಮಗಳು ಅಂತ ಮುದ್ದು ಅಂದ್ಕೊಂಡು ನಾನು ಹೊಟ್ಟೆಕಿಚ್ಚು ಪಟ್ಟಿದ್ದೆ.

ಕಾರಣ ಅದೇನಾ ಅಂತ ಈಗ ಯಾರಿಗೂ ಹೇಳೋಕಾಗಲ್ಲ. ತಂಗಿ ತುಮಕೂರಲ್ಲಿ ಚೆನ್ನಾಗಿದ್ದಾಳೆ, ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ನಾನು ಅದನ್ನೇ ಅಪ್ಪನಿಗೆ ಹೇಳಿದೆ. ಅವರು ಕಿಟಕಿ ಆಚೆ ನೋಡ್ತಾ ಇದ್ದರು. ಸ್ಟೇಷನ್ ಬಂತು, ಚೀಲ ತಗೊಂಡು ಇಳಿದರು.

ಆವತ್ತಿಂದ ಪ್ರತಿ ಭಾನುವಾರ ಫೋನ್ ಮಾಡ್ತಾರೆ. ಮೊಮ್ಮಕ್ಕಳ ಸುದ್ದಿ ಎಲ್ಲ ಆದ ಮೇಲೆ, ಇಡೋಕೆ ಮುಂಚೆ ಕೇಳ್ತಾರೆ, "ಆ ಹುಬ್ಳಿ ಹುಡುಗಂಗೆ ಕೇಳಿದ್ಯಾ? ಟ್ಯೂಬು ಕೂತಿದೆಯಂತಾ?"