ಮುಖವಾಡದೊಳಗಿನ ಕಿಟಕಿ

ಕೊಡಗಿನಲ್ಲಿ ಈವರೆಗೆ ವಿಮಾನ ನಿಲ್ದಾಣವಿಲ್ಲ. ಆದರೂ ವಿಮಾನ ಹಾರಿಸಬೇಕೆಂಬ ಹಂಬಲಕ್ಕೆ ಈ ನಾಡಿನಲ್ಲಿ ಕೊರತೆಯಿಲ್ಲ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾ ದಾಳಿಯಲ್ಲಿ ಪ್ರಾಣವನ್ನರ್ಪಿಸಿ, 1988ರಲ್ಲಿ ಮಹಾವೀರ ಚಕ್ರಕ್ಕೆ ಪಾತ್ರರಾದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಕಥೆಯನ್ನು ಕೇಳುತ್ತ ಬೆಳೆದವರಲ್ಲಿ ನಮ್ಮ ತಮ್ಮನ ಮಗನೂ ಒಬ್ಬನು. ವಿಮಾನ ಶಾಲೆಯಲ್ಲಿ ಒಂದೊಂದು ಗಂಟೆಯ ಹಾರಾಟಕ್ಕೂ ಸಾವಿರಾರು ರೂಪಾಯಿ ತೆರಬೇಕಾದುದರಿಂದ, ಮೊದಲು ಮನೆಯಲ್ಲಿಯೇ ಕೈ ಪಳಗಿಸಿಕೊಳ್ಳುವೆನೆಂದು ಅವನು ಕಂಪ್ಯೂಟರಿಗೆ ಜಾಯ್‌ಸ್ಟಿಕ್ಕು, ಥ್ರಾಟಲು, ಕಾಲಿನ ಪೆಡಲುಗಳನ್ನು ಜೋಡಿಸಿ, ಕಣ್ಣಿಗೆ ವಿ.ಆರ್. ಹೆಡ್‌ಸೆಟ್ಟನ್ನು ಕಟ್ಟಿಕೊಂಡು ಕುಳಿತನು.

ನೆಲದ ಮೇಲೆ ಹಾರಾಟ ಕಲಿಸುವ ವಿದ್ಯೆ ಹೊಸದಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತನು 1929ರಲ್ಲಿ, ತನ್ನ ತಂದೆಯ ಕಾರ್ಖಾನೆಯ ಆರ್ಗನ್ ವಾದ್ಯದ ತಿದಿಗಳಿಂದ ಓಲಾಡುವ ಪೆಟ್ಟಿಗೆಯೊಂದನ್ನು ರಚಿಸಿದನು. ಅದರ ಮುಚ್ಚಳವನ್ನು ಹಾಕಿದರೆ ಶಿಷ್ಯನಿಗೆ ಹೊರಗಿನದೇನೂ ಕಾಣದು. ಮುಂದಿನ ಮೀಟರುಗಳೂ ತನ್ನ ಕೈಗಳೂ ಮಾತ್ರ ಕಾಣುವುವು. ಇಂದಿನ ಹೆಡ್‌ಸೆಟ್ಟಿನ ಸ್ಥಿತಿ ಇದಕ್ಕೆ ತಲೆಕೆಳಗು. ಆಕಾಶ, ಮೋಡ, ರನ್‌ವೇ ಎಲ್ಲವೂ ಕಾಣುತ್ತವೆ. ಕಾಣದಿರುವುದು ತನ್ನ ಕೈಯೊಂದೇ. ಹುಡುಗನು ಥ್ರಾಟಲನ್ನು ತಡವಿ ಹುಡುಕುತ್ತ ಕಾಫಿಯ ಲೋಟವನ್ನು ಹಿಡಿದುದನ್ನು ನಾವು ಕಂಡಿದ್ದೇವೆ.

ಇದಕ್ಕೆ ಪರಿಹಾರವಾಗಿ ಬಂದುದು ಪಾಸ್‌ಥ್ರೂ ಎಂಬ ಏರ್ಪಾಟು. ಹೆಡ್‌ಸೆಟ್ಟಿನ ಹೊರಮೈಯಲ್ಲಿರುವ ಸಣ್ಣ ಕ್ಯಾಮೆರಾಗಳು ಕೊಠಡಿಯ ಚಿತ್ರವನ್ನು ಒಳಗಿನ ಕಣ್ಣಿಗೆ ತಲಪಿಸುತ್ತವೆ. ಮೊದಮೊದಲು ಇದು ಕಪ್ಪು ಬಿಳುಪಾಗಿದ್ದಿತು. 2023ರಲ್ಲಿ ಬಂದ ಮೆಟಾ ಕ್ವೆಸ್ಟ್ 3ರಂಥವುಗಳಲ್ಲಿ ಬಣ್ಣವೂ ಉಂಟು. ಪೂರ್ತಿ ತೆರೆದರೆ ಆಕಾಶವೇ ಮಾಯವಾಗುವುದರಿಂದ, ಮೇಜಿನ ಅಳತೆಗೆ ಒಂದು ಕಿಟಕಿಯನ್ನು ಮಾತ್ರ ಕತ್ತರಿಸತಕ್ಕದ್ದು. ಹೇಗೆಂದರೆ, ಆ ಭಾಗವನ್ನು ಒಂದೇ ಬಣ್ಣದಿಂದ ತುಂಬಿ, ಆ ಬಣ್ಣ ಕಂಡಲ್ಲೆಲ್ಲ ಕ್ಯಾಮೆರಾದ ಚಿತ್ರವನ್ನು ತೋರಿಸೆಂದು ತಂತ್ರಾಂಶಕ್ಕೆ ತಿಳಿಸುವುದು. ಬಣ್ಣವು ದೃಶ್ಯದಲ್ಲಿ ಬೇರೆಲ್ಲಿಯೂ ಬಾರದಂಥದಾಗಿರಬೇಕು. ಹಸುರನ್ನಿಟ್ಟರೆ ಕೆಳಗಿನ ಕಾಡಿನಲ್ಲಿಯೂ ಅಲ್ಲಲ್ಲಿ ತೂತು ಬಿದ್ದು ಮನೆಯ ಗೋಡೆ ಇಣುಕುವ ಸಂಭವವುಂಟು. ಕೊಡಗಿನ ಮೇಲೆ ಹಾರುವವನಿಗೆ ಹಸುರು ಸಲ್ಲದು! ನಮ್ಮವನು ಕಡುಗೆಂಪು ಬೆರೆತ ನೇರಳೆಯನ್ನು ಆರಿಸಿದನು. ಕುರ್ಚಿ ಸರಿದರೆ ಕಿಟಕಿಯೂ ಮೇಜೂ ಹೊಂದವಾದುದರಿಂದ, ಕುರ್ಚಿಯ ಕಾಲುಗಳ ಸುತ್ತ ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿದನು. ಕ್ಯಾಮೆರಾಕ್ಕೆ ಬೆಳಕು ಸಾಲದಿದ್ದರೆ ಚಿತ್ರವು ರವೆ ಚೆಲ್ಲಿದಂತಾಗುವುದು. ಆಷಾಢದ ಮಳೆಯಲ್ಲಿ ಹಗಲೇ ಕತ್ತಲಾಗುವ ನಮ್ಮ ಮನೆಗಳಲ್ಲಿ ಮೇಜಿನ ಮೇಲೊಂದು ದೀಪ ಅವಶ್ಯ. ಇಷ್ಟಾದರೂ ಹತ್ತಿರದ ವಸ್ತುಗಳ ಅಂಚು ಕೊಂಚ ಬಾಗಿ ಕಾಣುತ್ತದೆ. ಹಿಡಿಯನ್ನು ಹುಡುಕುವುದಕ್ಕೆ ಅದು ಸಾಕು, ಸಣ್ಣಕ್ಷರ ಓದುವುದಕ್ಕೆ ಸಾಲದು.

ನಮ್ಮ ಮನೆಯಲ್ಲಾದರೋ ಇದಕ್ಕಿಂತ ದೊಡ್ಡ ಪ್ರಶ್ನೆಯೊಂದಿದ್ದಿತು. ಎಂಬತ್ತೈದು ದಾಟಿದ ನಮ್ಮ ತಾಯಿಯವರು ಕೋಲೂರಿಕೊಂಡು ಆ ಕೊಠಡಿಯ ಮೂಲಕವೇ ಹಿತ್ತಲಿಗೆ ಹೋಗತಕ್ಕವರು. ಒಮ್ಮೆ ಹೊಸ್ತಿಲೆಡವಿ ಬಿದ್ದವರು. ನಾವೆಲ್ಲ ತೋಟದಲ್ಲಿರುವಾಗ ಅವರ ಬಳಿ ಇರುವವನು ಈ ಹುಡುಗನೊಬ್ಬನೇ. ಅವನಿಗೋ ಕಿವಿಯಲ್ಲಿ ಎಂಜಿನ್ನಿನ ಮೊರೆತ, ಕಣ್ಣಿಗೆ ಕಟ್ಟು.

“ನೀನು ಮೇಲೆ ಹಾರುತ್ತಿರುವಾಗ ಅಜ್ಜಿ ಇಲ್ಲಿ ಬಿದ್ದರೆ ನೋಡುವವರು ಯಾರಪ್ಪ?” ಎಂದು ಕೇಳಿದೆವು. ಯಂತ್ರವನ್ನು ಮಾರಿಬಿಡಬೇಕೆಂಬುದು ಅವನ ತಾಯಿಯ ಅಭಿಪ್ರಾಯವಾಗಿದ್ದಿತು.

ಹುಡುಗನು ವಾದಿಸಲಿಲ್ಲ. ಮರುದಿನ ಒಂದು ಕಿವಿಯನ್ನು ತೆರೆದಿಟ್ಟುಕೊಂಡು, ಬಾಗಿಲಿನ ಕಡೆಗೆ ಎರಡನೆಯ ಕಿಟಕಿಯನ್ನು ಕತ್ತರಿಸಿದನು. “ದೊಡ್ಡಪ್ಪ, ಬಲಕ್ಕೆ ತಿರುಗುವ ಮುನ್ನ ವೈಮಾನಿಕನು ಬಲಗಡೆ ನೋಡಲೇಬೇಕು. ಇನ್ನು ಮೇಲೆ ನೋಡಿದಾಗಲೆಲ್ಲ ಬಾಗಿಲೂ ಕಾಣುತ್ತದೆ” ಎಂದನು.

ನಾವೂ ಧರಿಸಿ ನೋಡಿದೆವು. ಮಂಗಳೂರಿನ ಗುಡ್ಡದ ಮೇಲಣ ರನ್‌ವೇ ಎದುರಿಗಿದ್ದಿತು. ಬಲರೆಕ್ಕೆಯ ಪಕ್ಕದಲ್ಲಿ, ಮೋಡಗಳ ನಡುವೆ, ನಮ್ಮ ನಡುಮನೆಯ ಬಾಗಿಲು ನಿಂತಿದ್ದಿತು. ಅದರಲ್ಲಿ ತಾಯಿಯವರು ಬಂದು, “ಅದರೊಳಗೆ ಏನು ಕಾಣುತ್ತದೋ?” ಎಂದರು. “ನೀವೇ ಕಾಣುತ್ತೀರಮ್ಮ” ಎಂದೆವು. ಅವರು ನಂಬಲಿಲ್ಲ.

ಯಂತ್ರವು ಮನೆಯಲ್ಲಿಯೇ ಉಳಿದಿದೆ. ಹೊಸ್ತಿಲಿನ ಬಳಿ ಗೋಡೆಗೆ ಹಿಡಿಗಂಬಿಯೊಂದನ್ನೂ ಹಾಕಿಸಿದ್ದೇವೆ.