ಇನ್ನೊಂದೆರಡು ವರ್ಷ ಇರ್ತೀವಿ

ಬೆಂಗಳೂರಿನಲ್ಲಿ ಮೂಗು ಇಟ್ಟುಕೊಂಡು ಬದುಕುವುದು ಸುಲಭದ ಮಾತಲ್ಲ. ಧೂಳು, ಹೊಗೆ, ಮೇಲ್ಮನೆಯವರ ಒಗ್ಗರಣೆ, ಯಾವ ನೆಪ ಸಿಕ್ಕರೂ ಸಾಕು, ನನ್ನ ಮೂಗು ಸಾಲಾಗಿ ಏಳು ಸೀನು ಸೀನಿಬಿಡುತ್ತದೆ. ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಏಳರ ಫಲವೇನು ಎಂದು ಅವರೂ ಹೇಳಿಹೋಗಲಿಲ್ಲ. ಶಾಸ್ತ್ರ ಕೈಬಿಟ್ಟರೂ ಬೀದಿಮೂಲೆಯ ಮೆಡಿಕಲ್ ಶಾಪು ಕೈಬಿಡುವುದಿಲ್ಲ. ಚಿಲ್ಲರೆ ಕಾಸಿಗೆ ಒಂದು ಮಾತ್ರೆ ನುಂಗಿ ಕೂತರೆ ಮೂಗು ತೆಪ್ಪಗಾಗುತ್ತದೆ. ಇಂಥದೇ ಒಂದು ಸೀನಿನ ಮಾತ್ರೆಯ ಸಲುವಾಗಿ ಅಮೆರಿಕದ ಸಂಸತ್ತಿನಲ್ಲಿ ಮಸೂದೆ ಮಂಡನೆಯಾಗಿತ್ತು ಎಂದರೆ ನಂಬುತ್ತೀರಾ?

ಮಾತ್ರೆಯ ಹೆಸರು ಕ್ಲಾರಿಟಿನ್, ಕಂಪನಿ ಶೆರಿಂಗ್-ಪ್ಲೌ. 1981ರಲ್ಲಿ ಪೇಟೆಂಟ್ ಸಿಕ್ಕಿತು. ಆಗಿನ ಕಾನೂನಿನ ಪ್ರಕಾರ 17 ವರ್ಷ, ಅಂದರೆ 1998ಕ್ಕೆ ಆಟ ಮುಗಿಯಬೇಕು. ಆದರೆ ಔಷಧ ಇಲಾಖೆ ಮಾರಾಟಕ್ಕೆ ಅಪ್ಪಣೆ ಕೊಟ್ಟದ್ದೇ 1993ರಲ್ಲಿ. ತಡವಾಯಿತಲ್ಲ ಪಾಪ ಎಂದು ಎರಡು ವರ್ಷ ಸಿಕ್ಕಿತು. ಅಂತಾರಾಷ್ಟ್ರೀಯ ವ್ಯಾಪಾರ ಒಪ್ಪಂದದ ದೆಸೆಯಿಂದ ಮತ್ತೆ 22 ತಿಂಗಳು. ಮಕ್ಕಳ ಮೇಲೂ ಪರೀಕ್ಷೆ ಮಾಡಿ ವರದಿ ಕೊಟ್ಟದ್ದಕ್ಕೆ ಆರು ತಿಂಗಳ ಬಕ್ಷೀಸು. 1998 ಹೀಗೆ ತೆವಳಿಕೊಂಡು 2002ರ ಡಿಸೆಂಬರ್ ಮುಟ್ಟಿತು. ಇದೂ ಸಾಲದೆಂದು ಅವಧಿಯನ್ನು ಇನ್ನಷ್ಟು ಎಳೆಯಲು ಬಂದದ್ದೇ ಆ 1999ರ ಮಸೂದೆ, ಅದು ಪಾಸಾಗಲಿಲ್ಲ. ಕಂಪನಿಯೇನೂ ಕೈಕಟ್ಟಿ ಕೂರಲಿಲ್ಲ. 2001ರ ಕೊನೆಗೆ ಕ್ಲಾರಿನೆಕ್ಸ್ ಎಂಬ ಹೊಸ ಮಾತ್ರೆಗೆ ಅಪ್ಪಣೆ ಪಡೆಯಿತು. ಏನದು? ಕ್ಲಾರಿಟಿನ್ ನುಂಗಿದರೆ ನಮ್ಮ ದೇಹ ಅದನ್ನು ಯಾವ ವಸ್ತುವಾಗಿ ಮಾರ್ಪಡಿಸುತ್ತದೋ, ಅದೇ! ಇಷ್ಟು ವರ್ಷ ನಮ್ಮ ಪಿತ್ತಜನಕಾಂಗ ಸಂಬಳವಿಲ್ಲದೆ ತಯಾರಿಸಿಕೊಡುತ್ತಿದ್ದ ಸರಕಿಗೆ ಹೊಸ ಡಬ್ಬ, ಹೊಸ ಬೆಲೆ.

ಕಂಪನಿಗಳನ್ನು ಬೈಯುವ ಮುಂಚೆ ಅವರ ಮಾತನ್ನೂ ಕೇಳಬೇಕು. ಈಗ ಬಹುತೇಕ ಎಲ್ಲೆಡೆ ಪೇಟೆಂಟಿನ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಅದರಲ್ಲಿ ಎಷ್ಟೋ ವರ್ಷ ಇಲಿ, ಮೊಲ, ಮನುಷ್ಯ ಎಂದು ಪರೀಕ್ಷೆ ನಡೆಸುವುದರಲ್ಲೇ ಕಳೆಯುತ್ತವೆ. ಅಮೆರಿಕದ 1984ರ ಕಾಯ್ದೆ ಅದಕ್ಕೊಂದು ರಾಜಿ ಮಾಡಿತು: ಹೆಚ್ಚೆಂದರೆ 5 ವರ್ಷ ವಿಸ್ತರಣೆ, ಅಪ್ಪಣೆಯಾದ ಮೇಲೆ ಒಟ್ಟು 14 ವರ್ಷ ಮೀರಬಾರದು, ಬದಲಿಗೆ ಅದೇ ಔಷಧವನ್ನು ಅಗ್ಗಕ್ಕೆ ಮಾಡುವ ಜೆನರಿಕ್ ತಯಾರಕರಿಗೆ ಸಲೀಸಾದ ದಾರಿ. ನಮ್ಮಲ್ಲಿ ಲೀಸಿಗೆ ಮನೆ ಹಿಡಿದವರು ಅವಧಿ ಮುಗಿದಾಗ, "ಮೊದಲೆರಡು ವರ್ಷ ಬೋರ್‌ವೆಲ್ ನೀರೇ ಬರಲಿಲ್ಲ ಅಂಕಲ್, ಇನ್ನೊಂದೆರಡು ವರ್ಷ ಇರ್ತೀವಿ" ಎನ್ನುವುದಿಲ್ಲವೆ? ನೀರು ಬಾರದಿದ್ದದ್ದು ನಿಜವಾದರೆ ಅದರಲ್ಲೂ ನ್ಯಾಯವಿದೆ. "ಕಿಟಕಿಗೆ ಬಣ್ಣ ಹೊಡೆಸಿದ್ದೇನೆ, ಈಗ ಇದು ಬೇರೆಯೇ ಮನೆ, ಹೊಸ ಕರಾರು ಬರೆಯಿರಿ" ಎಂದರೆ ಮಾತ್ರ ಕಷ್ಟ.

ಭಾರತ ಎರಡಕ್ಕೂ ಒಪ್ಪಿಲ್ಲ. ಕಳೆದ ವರ್ಷಗಳನ್ನು ತುಂಬಿಕೊಡುವ ವಿಸ್ತರಣೆ ನಮ್ಮ ಕಾಯ್ದೆಯಲ್ಲಿಲ್ಲ. ವ್ಯಾಪಾರ ಮಾತುಕತೆಯಲ್ಲಿ ಯುರೋಪಿನವರು ಕೇಳಿದ್ದುಂಟು. ಬಣ್ಣ ಹೊಡೆಸುವವರಿಗೆ 2005ರ ತಿದ್ದುಪಡಿಯ ಕಲಂ 3(ಡಿ) ಅಡ್ಡ ನಿಂತಿದೆ: ಗೊತ್ತಿರುವ ವಸ್ತುವಿನ ಹೊಸ ರೂಪ ಹೆಚ್ಚು ಗುಣಕಾರಿ ಎಂದು ತೋರಿಸದ ಹೊರತು ಪೇಟೆಂಟ್ ಇಲ್ಲ. ರಕ್ತದ ಕ್ಯಾನ್ಸರಿನ ಗ್ಲೀವೆಕ್ ವಿಚಾರದಲ್ಲಿ ನೊವಾರ್ಟಿಸ್ ಕಂಪನಿ ಸುಪ್ರೀಂ ಕೋರ್ಟಿನವರೆಗೂ ಹೋಗಿ, 2013ರ ಏಪ್ರಿಲ್ 1ರಂದು ಸೋತಿತು. ತಾರೀಖು ನೋಡಿ ನಗಬೇಡಿ. ತಿಂಗಳಿಗೆ ಲಕ್ಷ ದಾಟುವ ಔಷಧ ಮತ್ತು ಅದರ ಹತ್ತರಲ್ಲೊಂದು ಬೆಲೆಯ ಜೆನರಿಕ್, ಇವೆರಡರ ನಡುವಿನ ವ್ಯಾಜ್ಯ ಅದು.

ಸೀನುವವನು ಕಾಯಬಹುದು. ಕ್ಷಯದವರು? ಮಾಮೂಲಿ ಔಷಧಕ್ಕೆ ಬಗ್ಗದ ಕ್ಷಯಕ್ಕೆ ಹಿಂದೆ ತಿಂಗಳುಗಟ್ಟಲೆ ಕನಾಮೈಸಿನ್ ಜಾತಿಯ ಚುಚ್ಚುಮದ್ದು ಕೊಡುತ್ತಿದ್ದರು. ಜೀವ ಉಳಿದರೂ ಕಿವಿ ಹೋಗುವ ಭಯ. ಹಾಗೆ ಕಿವಿ ಕಳೆದುಕೊಂಡವರು ಮುಂಬೈಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕದ ಫುಮೇಜಾ ಟಿಸಿಲೆ. 2012ರ ಕೊನೆಯಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಬೆಡಾಕ್ವಿಲಿನ್, ನಾಲ್ಕು ದಶಕಗಳಲ್ಲಿ ಬಂದ ಮೊದಲ ಹೊಸ ಬಗೆಯ ಕ್ಷಯದ ಔಷಧ. ಚುಚ್ಚಿಸಿಕೊಳ್ಳುವ ಅಗತ್ಯವಿಲ್ಲ, ನುಂಗಿದರಾಯಿತು. ಅದರ ಮೂಲ ಪೇಟೆಂಟ್ ಭಾರತದಲ್ಲಿ 2023ರ ಜುಲೈಗೆ ಮುಗಿಯುವುದಿತ್ತು. ಅದೇ ವಸ್ತುವಿನ ಫ್ಯುಮರೇಟ್ ಲವಣಕ್ಕೆ ಔಷಧದ ಕಂಪನಿ ಜಾನ್ಸನ್ ಅಂಡ್ ಜಾನ್ಸನ್ ಬೇರೊಂದು ಅರ್ಜಿ ಹಾಕಿತ್ತು. ದಕ್ಕಿದ್ದರೆ 2027ರವರೆಗೆ ನಿಶ್ಚಿಂತೆ. ಈ ಇಬ್ಬರು 2019ರಲ್ಲಿ ಆಕ್ಷೇಪಣೆ ಸಲ್ಲಿಸಿದರು. ಬೆನ್ನಿಗೆ ವಕೀಲರು, ಸಂಘಟನೆಗಳು ಇದ್ದವು, ನಿಜ. ಆದರೂ ರೋಗ ಅನುಭವಿಸಿದವರೇ ಪೇಟೆಂಟ್ ಕಚೇರಿಗೆ ಬಂದು "ಇದು ಹೊಸದಲ್ಲ" ಎಂದು ವಾದಿಸುವುದು ಸಣ್ಣ ಸಂಗತಿಯಲ್ಲ. 2023ರ ಮಾರ್ಚ್ 23ರಂದು, ವಿಶ್ವ ಕ್ಷಯ ದಿನದ ಮುನ್ನಾದಿನ, ಅರ್ಜಿ ತಿರಸ್ಕೃತವಾಯಿತು. ಆಗಸ್ಟಿನ ಹೊತ್ತಿಗೆ ಬಡದೇಶಗಳಿಗೆ ಔಷಧ ಕೊಂಡುಕೊಡುವ ಜಾಗತಿಕ ವ್ಯವಸ್ಥೆಯಲ್ಲಿ ಆರು ತಿಂಗಳ ಚಿಕಿತ್ಸೆಯ ಬೆಲೆ 289 ಡಾಲರಿನಿಂದ 130ಕ್ಕೆ ಇಳಿಯಿತು. ಇಳಿಸಿದ್ದು ಬೇರೆ ಯಾರೂ ಅಲ್ಲ, ಅದೇ ಕಂಪನಿ. ಇನ್ನೊಬ್ಬ ಅಂಗಡಿಯವನು ಬರುತ್ತಾನೆಂದರೆ ತಕ್ಕಡಿ ಎಷ್ಟು ಬೇಗ ನೆಟ್ಟಗಾಗುತ್ತದೆ ನೋಡಿ.

ಅಂದಹಾಗೆ, ಹೀಗೆ ಪೇಟೆಂಟ್ ಸಿಗುವ ಮುನ್ನವೇ ಆಕ್ಷೇಪಿಸಲು ಮೊದಲು ಶುಲ್ಕವಿರಲಿಲ್ಲ. 2024ರ ಮಾರ್ಚಿನ ಹೊಸ ನಿಯಮಗಳು ಶುಲ್ಕ ಇಟ್ಟಿವೆ. ಆಕ್ಷೇಪಣೆ ವಿಚಾರಣೆಗೆ ಯೋಗ್ಯವೇ ಎಂದು ಅಧಿಕಾರಿ ಮೊದಲು ನೋಡಿ ಆಮೇಲೆ ಮುಂದಕ್ಕೆ ಬಿಡುತ್ತಾರಂತೆ. ಕೆಲಸಕ್ಕೆ ಬಾರದ ತಕರಾರುಗಳನ್ನು ತಡೆಯಲು ಎನ್ನುತ್ತಾರೆ, ಇರಬಹುದು. ಬಣ್ಣ ಹೊಡೆಸಿಕೊಂಡು ಬರುವ ಅರ್ಜಿಗಳಿಗೂ ಇಂಥದೊಂದು ಜರಡಿ ಹೊಸಿಲಲ್ಲೇ ಇಟ್ಟಿದ್ದರೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ.