ಬೆಳ್ಳಗಾದ ಕೋಣಗಳು

ಸಿನಿಮಾದಲ್ಲಿ ತೋರಿಸುವ ಡಾರ್ಕ್‌ರೂಮನ್ನು ಮೊದಲು ತಲೆಯಿಂದ ತೆಗೆದುಬಿಡಿ. ಕೆಂಪು ಬಲ್ಬು, ಟ್ರೇಯಲ್ಲಿ ನಿಧಾನವಾಗಿ ಮೂಡುವ ನಾಯಕಿಯ ಮುಖ, ಅದೆಲ್ಲ ಪ್ರಿಂಟ್ ಹಾಕುವಾಗಿನ ಮಾತು. ಬ್ರೊಮೈಡ್ ಪೇಪರಿಗೆ ಕೆಂಪು ಕಾಣುವುದಿಲ್ಲ, ಅದರ ಮುಂದೆ ಕೆಂಪು ದೀಪ ಉರಿಸಬಹುದು. ಕ್ಯಾಮೆರಾದೊಳಗಿನ ಫಿಲ್ಮು ಹಾಗಲ್ಲ. ಅದು ಪ್ಯಾನ್‌ಕ್ರೊಮ್ಯಾಟಿಕ್, ಎಲ್ಲ ಬಣ್ಣವೂ ಅದರ ಕಣ್ಣಿಗೆ ಬೀಳುತ್ತದೆ. ಅದನ್ನು ತೊಳೆಯುವುದು ಕಗ್ಗತ್ತಲಲ್ಲೇ. ಇದು ನನಗೆ ಗೊತ್ತಾದದ್ದು ಸಾಗರದ ಪೇಟೆಯಲ್ಲಿ, ನನ್ನ ಸೋದರಮಾವನ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ.

ಮಾವನ ಹೊಟ್ಟೆಪಾಡು ನಡೆಯುತ್ತಿದ್ದುದು ಪಾಸ್‌ಪೋರ್ಟ್ ಸೈಜು, ಮದುವೆ ಮನೆ, ತೀರಿಕೊಂಡವರ ಹಳೆಯ ಫೋಟೋ ದೊಡ್ಡದು ಮಾಡಿಕೊಡುವುದು, ಇವುಗಳಿಂದ. ಡೆವಲಪರಿನಲ್ಲಿ ಅದ್ದಿ ಅದ್ದಿ ಅವರ ಉಗುರೆಲ್ಲ ಕಂದು. ಊರವರು ಹೊಗೆಸೊಪ್ಪಿನ ಚಟ ಎಂದೇ ತಿಳಿದಿದ್ದರು. ಅವರು ಎಲೆಯಡಿಕೆಯನ್ನೂ ಮುಟ್ಟಿದವರಲ್ಲ.

ಎಂಬತ್ತರ ದಶಕದ ಒಂದು ಸಂಕ್ರಾಂತಿ ಕಳೆದ ಮೇಲೆ ನಮ್ಮ ಕಡೆ ಆಲೆಮನೆ ಶುರುವಾಗಿತ್ತು. ಮಾವನ ಹಳೆಯ ಆಗ್ಫಾ ಕ್ಲಿಕ್ ತ್ರೀ ಕೇಳಿ ಪಡೆದು, ಅದಕ್ಕೊಂದು ಓರ್ವೋ ಫಿಲ್ಮು ತುಂಬಿಸಿಕೊಂಡು ಹೋದೆ. ಪೂರ್ವ ಜರ್ಮನಿಯ ವೋಲ್ಫೆನ್‌ನಲ್ಲಿ ತಯಾರಾಗುತ್ತಿದ್ದ ಈ ಫಿಲ್ಮು ಆಗ ನಮ್ಮ ಸಣ್ಣ ಪೇಟೆಗಳಲ್ಲೂ ಸಿಗುತ್ತಿತ್ತು. ಒಂದು ರೀಲಿಗೆ ಹನ್ನೆರಡು ಚಿತ್ರ. ಗಾಣ ತಿರುಗಿಸುವ ಕೋಣದ ಜೋಡಿ, ಕೊಪ್ಪರಿಗೆಯಿಂದ ಏಳುವ ಹಬೆ, ನೊರೆಬೆಲ್ಲಕ್ಕೆ ಬಾಳೆಲೆ ಚೂರು ಹಿಡಿದು ನಿಂತ ಹುಡುಗರು, ಹೀಗೆ ಹನ್ನೆರಡೂ ಮುಗಿದವು.

ರೀಲು ತಂದುಕೊಟ್ಟರೆ ಮಾವ ಕೈಗೇ ತೆಗೆದುಕೊಳ್ಳಲಿಲ್ಲ. “ದುಡ್ಡು ಕೊಟ್ಟು ತೊಳೆಸ್ತೀಯೋ ಅಳಿಯಾ, ನೀನೇ ತೊಳೀತೀಯೋ?” ಎಂದರು. ನನ್ನ ಜೇಬಿನ ಸ್ಥಿತಿ ಅವರಿಗೆ ಗೊತ್ತಿತ್ತು.

ಡೆವಲಪರು ಹಿಂದಿನ ದಿನವೇ ಕಲಸಿಟ್ಟದ್ದು. ಕೊಡಕ್ ಕಂಪನಿ 1927ರಲ್ಲಿ ಹೊರತಂದ ಡಿ-76. ಮಾವ ಅದನ್ನು ಪೊಟ್ಟಣದಲ್ಲಿ ಕೊಳ್ಳುತ್ತಿರಲಿಲ್ಲ, ತಕ್ಕಡಿಯಲ್ಲಿ ತೂಗಿ ತಾವೇ ಮಾಡುತ್ತಿದ್ದರು. ಲೀಟರ್ ನೀರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಬಿಳಿಗಾರ 2. ಹೌದು, ಅಕ್ಕಸಾಲಿಗರ ಅದೇ ಬಿಳಿಗಾರ. ಮೆಟಾಲ್ ಮೊದಲು ಕರಗಬೇಕು. ಸಲ್ಫೈಟ್ ಪೂರ್ತಿ ಸುರಿದ ಮೇಲೆ ಹಾಕಿದರೆ ಅದು ಸರಿಯಾಗಿ ಕರಗದು. ಎಲ್ಲ ಕರಗಿ ತಣಿದು 20 ಡಿಗ್ರಿಗೆ ಬರಬೇಕು. ನಮ್ಮ ಹವೆಯಲ್ಲಿ 20 ಡಿಗ್ರಿ ಎಲ್ಲಿಂದ ತರುವುದು? ಜನವರಿಯ ರಾತ್ರಿ, ಬಾವಿಯ ನೀರು ತುಂಬಿದ ಮಣ್ಣಿನ ಕೊಡ, ಅದರೊಳಗೆ ಇಳಿಬಿಟ್ಟ ಬಾಟಲಿ. ಥರ್ಮಾಮೀಟರ್ ಇಳಿಯುವವರೆಗೂ ಮಾವ ಊಟಕ್ಕೂ ಏಳಲಿಲ್ಲ.

ಹೈಪೋ ಕಲಸುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. ಕಲ್ಲುಸಕ್ಕರೆಯಂಥ ಹರಳುಗಳನ್ನು ನೀರಿಗೆ ಸುರಿದು ಕದಡಿದರೆ ಪಾತ್ರೆ ಇದ್ದಕ್ಕಿದ್ದಂತೆ ತಣ್ಣಗಾಯಿತು. ಬೆರಳು ಹಿಂದಕ್ಕೆಳೆದುಕೊಂಡೆ. ಹೈಪೋ ಕರಗುವಾಗ ನೀರಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಯಾವ ಪಾಠದಲ್ಲೂ ಇಷ್ಟು ಚೆನ್ನಾಗಿ ಕಲಿತಿರಲಿಲ್ಲ.

ಆಮೇಲೆ ದೀಪ ಆರಿತು.

ಬಾಗಿಲ ಸಂದಿಗೆ ಕಂಬಳಿ ತುರುಕಿತ್ತು. ಕಣ್ಣು ಮುಚ್ಚಿದರೂ ತೆರೆದರೂ ಒಂದೇ. ಎದುರಿಗಿದ್ದ ಮಾವನೇ ಇಲ್ಲವಾಗಿ, ಬರೀ ಅವರ ದನಿ ಉಳಿಯಿತು. ಹಗಲಲ್ಲಿ ಗದರುವ ಆ ದನಿ ಕತ್ತಲಲ್ಲಿ ಬಹಳ ಮೆತ್ತಗಿತ್ತು. “ಕಾಗದ ಬಿಚ್ಚು. ಸುರುಳಿ ಎಡಗೈಯಲ್ಲಿ ಇರಲಿ. ಈಗ ಫಿಲ್ಮು ಸಿಕ್ತಾ?” ಸಿಕ್ಕಿತು. ಕಾಗದಕ್ಕಿಂತ ಬಿರುಸು, ನುಣುಪು, ತಾನೇ ಸುತ್ತಿಕೊಳ್ಳುವ ಜಾತಿ. ಕೊನೆಯಲ್ಲಿ ಅದನ್ನು ಕಾಗದಕ್ಕೆ ಅಂಟಿಸಿದ ಪಟ್ಟಿ. ಎಳೆದೆ. ಎಳೆದ ಜಾಗದಲ್ಲಿ ನೀಲಿ ಬೆಳಕಿನ ಒಂದು ಗೆರೆ ಮಿನುಗಿತು!

“ಮಾವ, ಬೆಳಕು! ಎಲ್ಲ ಹೋಯ್ತು!”

“ಏನೂ ಹೋಗಿಲ್ಲ. ಗೋಂದು ಹರಿಯುವಾಗ ಹಾಗೇ. ನಿಧಾನ ಎಳಿ, ಬರಲ್ಲ.” ನಿಧಾನ ಎಳೆದೆ, ಬರಲಿಲ್ಲ.

ಟ್ಯಾಂಕು ಗೀಂಕು ಮಾವನ ಹತ್ತಿರ ಇರಲಿಲ್ಲ. ಫಿಲ್ಮಿನ ಎರಡೂ ತುದಿ ಎರಡು ಕೈಯಲ್ಲಿ ಹಿಡಿದು, ಮಧ್ಯದ ಹೊಟ್ಟೆ ಟ್ರೇಯಲ್ಲಿ ಮುಳುಗುವಂತೆ ಒಂದು ಕೈ ಮೇಲೆ, ಒಂದು ಕೈ ಕೆಳಗೆ. ಮೊದಲು ನೀರಲ್ಲಿ, ಅದು ಬಿರುಸು ಬಿಟ್ಟು ಬಗ್ಗುವ ತನಕ. ಆಮೇಲೆ ಡೆವಲಪರಿನಲ್ಲಿ ಎಂಟು ನಿಮಿಷ. ಹೊತ್ತು ಅಳೆಯಲು ರೇಡಿಯಂ ಮುಳ್ಳಿನ ಗಡಿಯಾರ ಇಡುವವರಿದ್ದರು, ಮಾವನಿಗೆ ಅದರ ಮಿಣುಕೂ ಬೇಡ. ಅವರು ಯಕ್ಷಗಾನದ ಹವ್ಯಾಸಿ ಮದ್ದಲೆಗಾರ. ತೊಡೆಯ ಮೇಲೆ ತಾಳ ಹಾಕುತ್ತ, ಬಾಯೊಳಗೇ ಪದ ಗುನುಗುತ್ತ ಕೂತರು. ಯಾವ ಪದ ಎಷ್ಟು ಆವರ್ತ ಹೋದರೆ ಎಷ್ಟು ನಿಮಿಷ ಎಂಬ ಲೆಕ್ಕ ಅವರದು. ಆಗ ನಗು ಬಂದಿತ್ತು. ಅಮೆರಿಕದ ಆನ್ಸೆಲ್ ಆಡಮ್ಸ್ ಕೂಡ ಡಾರ್ಕ್‌ರೂಮಿನಲ್ಲಿ ಮೆಟ್ರೋನೋಮ್ ಇಟ್ಟುಕೊಂಡು ಎಣಿಸುತ್ತಿದ್ದರು, ಅವರು ಮೊದಲು ಪಿಯಾನೋ ಕಲಿತವರು ಎಂದು ಎಷ್ಟೋ ವರ್ಷದ ಮೇಲೆ ಓದಿದಾಗ ಮಾವನ ಮೇಲೆ ಗೌರವ ಹೆಚ್ಚಿತು.

ತೋಳು ಸೋತು ಬಂತು. ನಿಲ್ಲಿಸಿದರೆ ಕಲೆ ಕಲೆಯಾಗುತ್ತದೆ, ನಿಲ್ಲಿಸುವಂತಿಲ್ಲ. ಅಂತೂ ಪದ ಮುಗಿಯಿತು. ಮೂಗಿಗೆ ಹೊಡೆಯುವ ಅಸಿಟಿಕ್ ಆಸಿಡ್ಡಿನಲ್ಲಿ ಒಂದಷ್ಟು ಮುಳುಗು, ಅಲ್ಲಿಂದ ಹೈಪೋಗೆ.

ಕೆಲವು ನಿಮಿಷದ ನಂತರ ಮಾವ ಸ್ವಿಚ್ ಒತ್ತಿದರು. ನನ್ನ ಕೈಯಲ್ಲಿದ್ದುದು ಹಾಲು ಬಳಿದ ಪಟ್ಟಿ. ಚಿತ್ರವೇ ಇಲ್ಲ! ಬಾಯಿ ತೆರೆಯುವಷ್ಟರಲ್ಲಿ ಅಂಚಿನ ಕಡೆಯಿಂದ ಆ ಬಿಳಿ ಕರಗತೊಡಗಿತು. ಬೆಳಕು ಬೀಳದ ಕಡೆ ಉಳಿದ ಬೆಳ್ಳಿಯ ಲವಣವನ್ನು ಹೈಪೋ ಕರಗಿಸುತ್ತದೆ. ಅದರ ಈ ಗುಣವನ್ನು ಜಾನ್ ಹರ್ಷೆಲ್ 1819ರಲ್ಲೇ ಕಂಡಿದ್ದರಂತೆ, ಫೋಟೋಗ್ರಫಿ ಲೋಕಕ್ಕೆ ಪ್ರಕಟವಾದ 1839ಕ್ಕೂ ಇಪ್ಪತ್ತು ವರ್ಷ ಮುಂಚೆ. ಔಷಧಿ ಮೊದಲೇ ಸಿದ್ಧವಿತ್ತು, ಕಾಯಿಲೆ ಆಮೇಲೆ ಬಂತು.

ಬಲ್ಬಿಗೆ ಹಿಡಿದು ನೋಡಿದೆ. ಕೊಪ್ಪರಿಗೆಯ ಹಬೆ ಕರಿಮೋಡವಾಗಿತ್ತು. ಹುಡುಗರ ಹಲ್ಲು ಕಪ್ಪು. ಗಾಣದ ಕೋಣಗಳು ಮಾತ್ರ ಥಳಥಳ ಬೆಳ್ಳಗೆ. ತೊಳೆದು ನೇತುಹಾಕಿ ಮುಗಿಸುವ ಹೊತ್ತಿಗೆ ನಾನು ಹೈಪೋವನ್ನು ಮೋರಿಗೆ ಸುರಿಯಲು ಹೊರಟಿದ್ದೆ. ಮಾವನ ಹಗಲಿನ ದನಿ ಮರಳಿತು: “ಅದರಲ್ಲಿ ಬೆಳ್ಳಿ ಇದೆ ಕಣೋ! ಕ್ಯಾನಿಗೆ ಹಾಕು.” ಹಳೆಯ ಹೈಪೋ ಕೊಂಡು ಬೆಳ್ಳಿ ತೆಗೆಯುವವರು ಬರುತ್ತಿದ್ದರು.

ಮಾರನೇ ದಿನ ಪ್ರಿಂಟಿಗೂ ಕಾಯದೆ ನೆಗೆಟಿವ್ ಹಿಡಿದುಕೊಂಡು ಆಲೆಮನೆಗೆ ಓಡಿದೆ. ಕೋಣದ ಯಜಮಾನರು ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಇದು ಯಾರ ಎತ್ತು ಮಾರಾಯ?”

“ನಿಮ್ಮ ಕೋಣವೇ ಹೆಗಡೇರೇ. ಪ್ರಿಂಟ್ ಹಾಕಿದರೆ ಕಪ್ಪಾಗ್ತದೆ.”

“ಹಾಕಬೇಡ,” ಎಂದರು, “ಸಂತೆಯಲ್ಲಿ ಎತ್ತಿಗೇ ರೇಟು ಜಾಸ್ತಿ.”